ಗಾಡಿ ಯಾವಾಗಲಾದರೂ ಬಿದ್ದಿತ್ತಾ?

(ಪುಣೆಯಲ್ಲಿ ನಮ್ಮ ಮಹಿಳಾ ವೇದಿಕೆಯ ಮಾರ್ಚ್ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ತಿಂಗಳು ನೀನು ಮಾತಾಡಬೇಕು ಎಂದು ಸಂಚಾಲಕಿಯರು ಫೋನ್ ಮಾಡಿದಾಗ ನಾನು ಸಾಫ್ಟ್‌ವೇರ್ ಬಗ್ಗೆ, ಮಕ್ಕಳ ಮೊಬೈಲ್ ಬಳಕೆ ಬಗ್ಗೆ ಏನಾದರೂ ಹೇಳುತ್ತೇನೆ ಅಂದೆ. ಅದಕ್ಕೆ ಅವರು, "ಅದೆಲ್ಲ ಆಗಿದೆ ಕಣೇ, ನೀನು ಬೈಕ್ ಮಾರಿದ ಕಥೆ ಹೇಳು" ಅಂದರು. ಹಾಗಾಗಿ ಇವತ್ತಿನ ವಿಷಯ, ಒಂದು ಹಳೇ ಬೈಕನ್ನು ಎಬ್ಬಿಸಿ ಮಾರುವುದು ಹೇಗೆ. ಅರ್ಧ ಭಾಗ ಉಪಯೋಗಕ್ಕೆ ಬರುವ ಮಾಹಿತಿ. ಇನ್ನರ್ಧ ನನ್ನ ಸ್ವಂತ ಕಥೆ. ಆ ಎರಡನೇ ಅರ್ಧವನ್ನು ನಾನು ಇದುವರೆಗೆ ಹತ್ತು ಜನರ ಮುಂದೆಯೂ ಹೇಳಿಲ್ಲ. ಸ್ವಲ್ಪ ತಡವರಿಸಿದರೆ ಕ್ಷಮಿಸಿ.

ನಾನು ಸಾಗರದವಳು. 2012ರಲ್ಲಿ ಎಂಟೆಕ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದೆ. 2013ರ ಫೆಬ್ರವರಿಯಲ್ಲಿ ಸಾಲ ಮಾಡಿ ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ 350 ತೆಗೆದುಕೊಂಡೆ. ಆಗಷ್ಟೇ ಹೊಸ ಮಾದರಿ ಬಂದಿತ್ತು. ಇಪ್ಪತ್ತು ಲೀಟರ್ ಟ್ಯಾಂಕ್, ಎತ್ತರದ ಹ್ಯಾಂಡಲ್, ನೆಟ್ಟಗೆ ಕೂತು ದಿನವಿಡೀ ಓಡಿಸಬಹುದಾದ ಸೀಟು. ದೂರ ಪ್ರಯಾಣಕ್ಕೆಂದೇ ಮಾಡಿದ ಗಾಡಿ. ನನ್ನ ಎತ್ತರ ಐದಡಿ ಮೂರಿಂಚು, ಗಾಡಿಯ ತೂಕ ಹತ್ತಿರಹತ್ತಿರ ಇನ್ನೂರು ಕಿಲೋ. ಷೋರೂಮಿನಲ್ಲಿ ಸೇಲ್ಸ್ ಹುಡುಗ "ಮೇಡಂ, ಡೆಲಿವರಿಗೆ ಸರ್ ಬರ್ತಾರಾ?" ಅಂತ ಕೇಳಿದ. ಬರುವುದಕ್ಕೆ ಆಗ ಸರ್ ಯಾರೂ ಇರಲಿಲ್ಲ.

ಎರಡೂವರೆ ವರ್ಷದಲ್ಲಿ 28,000 ಕಿಲೋಮೀಟರ್ ಓಡಿಸಿದೆ. ಹಂಪಿ, ಗೋಕರ್ಣ, ಆಗುಂಬೆ, ವಯನಾಡು. ಬಹಳ ಸಲ ಹಿಂದಿನ ಸೀಟಿನಲ್ಲಿ ನನ್ನ ರೂಮ್‌ಮೇಟ್ ಇರುತ್ತಿದ್ದಳು. ಕಾರ್ಕಳದ ಹುಡುಗಿ. ದಾರಿ ಕೇಳುವುದು, ಟೀ ಅಂಗಡಿ ಹುಡುಕುವುದು, ನಿದ್ದೆ ಬರದಂತೆ ಹಾಡು ಹೇಳುವುದು ಅವಳ ಕೆಲಸ.

2015ರ ನವೆಂಬರ್‌ನಲ್ಲಿ ಆ ಗಾಡಿಯನ್ನು ತಂದು ಸಾಗರದ ಮನೆಯ ಅಡಿಕೆ ಕೊಟ್ಟಿಗೆಯಲ್ಲಿ ನಿಲ್ಲಿಸಿದೆ. 2016ರಲ್ಲಿ ಮದುವೆಯಾಗಿ ಪುಣೆಗೆ ಬಂದೆ. ಮದುವೆ ಆಯಿತು, ಬೈಕ್ ಬಿಟ್ಟಳು ಎಂದು ಎಲ್ಲರೂ ತಿಳಿದುಕೊಂಡರು. ನನ್ನ ಗಂಡ ಕೂಡ ಹಾಗೇ ತಿಳಿದು, "ನನ್ನಿಂದ ಬಿಡಬೇಡ, ಇಲ್ಲಿಗೇ ತರಿಸೋಣ" ಅಂತ ಎಷ್ಟೋ ಸಲ ಹೇಳಿದರು. ನಾನು ಸುಮ್ಮನಿದ್ದೆ. ಹೆಣ್ಣುಮಕ್ಕಳಿಗೆ ಈ ನೆಪ ಬಹಳ ಸುಲಭವಾಗಿ ಸಿಗುತ್ತದೆ ನೋಡಿ. ಮದುವೆ ಆಯಿತು, ಮಗು ಆಯಿತು ಅಂದರೆ ಸಾಕು, ಯಾರೂ ಮುಂದೆ ಪ್ರಶ್ನೆ ಕೇಳುವುದಿಲ್ಲ.

2024ರ ಮಾರ್ಚಿನಲ್ಲಿ ಅಪ್ಪ ಫೋನ್ ಮಾಡಿದರು. ಕೊಟ್ಟಿಗೆ ಕೆಡವಿ ತಮ್ಮನಿಗೆ ಮನೆ ಕಟ್ಟಬೇಕು, ಬೈಕಿಗೆ ಏನು ಮಾಡುತ್ತೀ ಎಂದು. ಗುಜರಿಯವನು ಬಂದು ನೋಡಿ ಇಪ್ಪತ್ತು ಸಾವಿರ ಅಂದಿದ್ದನಂತೆ. ನನಗೆ ಏಪ್ರಿಲ್, ಮೇ ಎರಡು ತಿಂಗಳು ಮನೆಯಿಂದಲೇ ಕೆಲಸ ಮಾಡುವ ಅವಕಾಶ ಸಿಕ್ಕಿತು. ಮಗಳಿಗೆ ರಜೆ. ಇಬ್ಬರೂ ಸಾಗರಕ್ಕೆ ಹೋದೆವು. ರಿಪೇರಿ ಮಾಡಿಸಿ ಒಳ್ಳೆ ಬೆಲೆಗೆ ಮಾರೋಣ ಎಂಬುದು ನನ್ನ ಯೋಜನೆ.

ಟಾರ್ಪಾಲು ತೆಗೆದಾಗ ಮೊದಲು ಕಂಡದ್ದು ಹೂವು. ಹ್ಯಾಂಡಲ್ ಮೇಲೆ ಒಣಗಿದ ಚೆಂಡುಹೂವಿನ ಮಾಲೆಗಳು, ಒಂದರ ಮೇಲೊಂದು. ಮಗಳು ಎಣಿಸಿದಳು, ಎಂಟು. ಅಪ್ಪ ಪ್ರತಿ ಆಯುಧ ಪೂಜೆಗೆ ಟಾರ್ಪಾಲು ಎತ್ತಿ, ಕುಂಕುಮ ಹಚ್ಚಿ, ಮಾಲೆ ಹಾಕಿ, ಮತ್ತೆ ಮುಚ್ಚಿ ಕಟ್ಟುತ್ತಿದ್ದರು. ಅಪ್ಪನಿಗೆ ಬೈಕ್ ಓಡಿಸಲು ಬರುವುದಿಲ್ಲ.

ಇಲ್ಲೇ ನನ್ನ ಮೊದಲ ಮಾಹಿತಿ. ಅಪ್ಪ ಅಷ್ಟು ಪ್ರೀತಿಯಿಂದ ಕಟ್ಟಿದ ಪ್ಲಾಸ್ಟಿಕ್ ಟಾರ್ಪಾಲೇ ಗಾಡಿಯನ್ನು ಹಾಳು ಮಾಡಿತ್ತು. ಮಲೆನಾಡಿನ ಮಳೆಗಾಲದಲ್ಲಿ ತೇವ ಒಳಗೇ ಉಳಿದು ಕಬ್ಬಿಣಕ್ಕೆಲ್ಲ ತುಕ್ಕು. ಗಾಡಿ ತುಂಬ ದಿನ ನಿಲ್ಲಿಸುವುದಾದರೆ ಗಾಳಿಯಾಡುವ ಬಟ್ಟೆ ಹೊದಿಸಿ. ಬ್ಯಾಟರಿ ಬಿಚ್ಚಿಡಿ. ಟೈರಿನ ಮೇಲೆ ಭಾರ ಬೀಳದಂತೆ ನಡುವಿನ ಸ್ಟ್ಯಾಂಡ್ ಹಾಕಿ. ಪೆಟ್ರೋಲನ್ನು ಕಾರ್ಬುರೇಟರ್ ಸಮೇತ ಪೂರ್ತಿ ಖಾಲಿ ಮಾಡಿ. ನಾನು ಟ್ಯಾಂಕ್ ಅರ್ಧ ತುಂಬಿಸಿಟ್ಟು ಹೋಗಿದ್ದೆ. ಎಂಟು ವರ್ಷದಲ್ಲಿ ಪೆಟ್ರೋಲ್ ಕಂದು ಬಣ್ಣಕ್ಕೆ ತಿರುಗಿ, ಹಳೇ ವಾರ್ನಿಷ್ ವಾಸನೆ ಬರುತ್ತಿತ್ತು. ಟ್ಯಾಂಕಿನ ಖಾಲಿ ಇದ್ದ ಮೇಲಿನ ಅರ್ಧದಲ್ಲಿ ತುಕ್ಕು. ಏರ್ ಫಿಲ್ಟರ್ ಡಬ್ಬಿ ತೆಗೆದರೆ ಒಳಗೆ ಅಡಿಕೆ ಸಿಪ್ಪೆಯ ನಾರಿನಲ್ಲಿ ಕಟ್ಟಿದ ಇಲಿಯ ಗೂಡು. ಇಲಿ ವೈರಿಂಗನ್ನೂ ಬಿಟ್ಟಿರಲಿಲ್ಲ.

ಊರಿನ ಮೆಕಾನಿಕ್ ಅಣ್ಣನಿಗೆ ಅರವತ್ತರ ಹತ್ತಿರ. ಅವರು ಹೇಳಿದ ಮೊದಲ ಮಾತು, "ಕೀ ತಿರುಗಿಸಬೇಡಿ, ಸೆಲ್ಫ್ ಒತ್ತಲೇಬೇಡಿ." ಒಣಗಿದ ಎಂಜಿನ್ನಿಗೆ ಒಮ್ಮೆಲೇ ಸೆಲ್ಫ್ ಹೊಡೆದರೆ ಪಿಸ್ಟನ್, ಸಿಲಿಂಡರ್ ಗೀರಿಕೊಳ್ಳುತ್ತವೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಳಗೆ ಸ್ವಲ್ಪ ಎಣ್ಣೆ ಬಿಟ್ಟು, ಒಂದು ರಾತ್ರಿ ಬಿಟ್ಟೆವು. ಮರುದಿನ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿದೆವು. ಎಂಜಿನ್ ಅಲ್ಲಾಡಿತು. ಮಗಳು ಚಪ್ಪಾಳೆ ತಟ್ಟಿದಳು. ನನ್ನ ಕೆಲಸದಲ್ಲಿ ಹಳೇ ಸಿಸ್ಟಮ್ ಕೈಗೆ ಬಂದಾಗ ಮೊದಲು ಏನನ್ನೂ ರನ್ ಮಾಡಬೇಡ, ಓದು ಅಂತ ಜೂನಿಯರ್‌ಗಳಿಗೆ ಹೇಳುತ್ತೇನೆ. ಅದೇ ಪಾಠ ಇಲ್ಲಿ ಗ್ರೀಸ್ ಕೈಯಲ್ಲಿ ಸಿಕ್ಕಿತು.

ಆಮೇಲೆ ಎಂಟು ವಾರ. ಬೆಳಿಗ್ಗೆ ಆಫೀಸ್ ಕಾಲ್, ಸಂಜೆ ಗ್ಯಾರೇಜು. ನಿಂತ ಗಾಡಿಯಲ್ಲಿ ಮೊದಲು ಸಾಯುವುದು ರಬ್ಬರ್. ಪೆಟ್ರೋಲ್ ಪೈಪು, ಫೋರ್ಕಿನ ಸೀಲು, ಬ್ರೇಕಿನ ಸೀಲು ಎಲ್ಲವೂ ಬಿರುಕು. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರಿ ಕೆಟ್ಟಿತ್ತು. ಟೈರುಗಳ ಮೇಲೆ ಗುಂಡಿ ಇದ್ದರೂ ಪಕ್ಕದಲ್ಲಿ ಸೀಳು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ನಿಮ್ಮ ಸ್ಕೂಟಿಯಲ್ಲೂ ನೋಡಿ. ಮೊದಲೆರಡು ವಾರ, ಕೊನೆಯೆರಡು ವರ್ಷ. 3815 ಎಂದಿದ್ದರೆ 2015ರ ಮೂವತ್ತೆಂಟನೇ ವಾರ ತಯಾರಾದದ್ದು. ಗುಂಡಿ ಚೆನ್ನಾಗಿದೆ ಎಂದು ಅಷ್ಟು ಹಳೇ ಟೈರನ್ನು ನಂಬಬಾರದು. ಹಿಂದಿನ ಟೈರಿನಲ್ಲಿ ಇದ್ದ ಸಂಖ್ಯೆ ಅದೇ, 3815. ಅದನ್ನು ಯಾಕೆ ಹಾಕಿಸಿದ್ದೆ ಎಂಬುದು ನನಗೆ ಗೊತ್ತಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಒಟ್ಟು ಖರ್ಚು 41,100 ರೂಪಾಯಿ. ಅದರಲ್ಲಿ ಎರಡು ಟೈರು 8,200, ಮೆಕಾನಿಕ್ ಅಣ್ಣನ ಕೂಲಿ 9,000. ಮುಂದಿನ ಫೋರ್ಕಿನ ಒಂದು ಕೊಳವೆ ಒಂಚೂರು ಬಾಗಿತ್ತು, ಅದನ್ನೂ ಬದಲಾಯಿಸಿದೆವು. ಅಣ್ಣ ಆ ಕೊಳವೆಯನ್ನು ಗಾಜಿನ ಮೇಲೆ ಉರುಳಿಸಿ ತೋರಿಸಿದರು. ಉರುಳುವಾಗ ಮಧ್ಯೆ ಬೆಳಕು ಕಾಣುತ್ತಿತ್ತು. ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ. ಮೇ ಮೂರನೇ ವಾರ ಗಾಡಿ ಶುರುವಾಯಿತು. ಆ ಗುಡುಗುಡು ಶಬ್ದಕ್ಕೆ ಅಮ್ಮ ಅಡುಗೆ ಮನೆಯಿಂದ ಸೌಟು ಹಿಡಿದೇ ಓಡಿ ಬಂದರು.

ಈಗ ಕಾಗದ ಪತ್ರ. ದಯವಿಟ್ಟು ಇದನ್ನು ಬರೆದುಕೊಳ್ಳಿ, ಗಾಡಿ ಸ್ಕೂಟಿಯಾದರೂ ಅನ್ವಯಿಸುತ್ತದೆ.

ಮೊದಲನೆಯದು ಸಾಲ. ನಾನು ಕೊನೆಯ ಕಂತು ಕಟ್ಟಿದ್ದು 2016ರಲ್ಲಿ. ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು! ಸಾಲ ತೀರಿದ ಮೇಲೆ ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರ ಮತ್ತು ಫಾರ್ಮ್ 35 ತಂದು ಆರ್‌ಟಿಒದಲ್ಲಿ ನಾವೇ ತೆಗೆಸಬೇಕು. ನಿಮ್ಮಲ್ಲಿ ಎಷ್ಟು ಜನ ತೆಗೆಸಿದ್ದೀರಿ? ಕೈ ಎತ್ತಿ ನೋಡೋಣ. ಗೊತ್ತಿತ್ತು.

ಎರಡನೆಯದು ವಿಮೆ. ಥರ್ಡ್ ಪಾರ್ಟಿ ವಿಮೆ ಇಲ್ಲದೆ ರಸ್ತೆಗೆ ಇಳಿಸುವಂತಿಲ್ಲ, ಟೆಸ್ಟ್ ರೈಡಿಗೂ ಇಲ್ಲ. ಹೊಗೆ ತಪಾಸಣೆ ಪತ್ರವೂ ಬೇಕು. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಯಾದರೆ ಹೊಸ ಬಗೆಯ ಸುರಕ್ಷಿತ ನಂಬರ್ ಪ್ಲೇಟ್ ಹಾಕಿಸಬೇಕು.

ಮೂರನೆಯದು ವರ್ಗಾವಣೆ. ಮಾರುವವರು ಫಾರ್ಮ್ 29, ಕೊಳ್ಳುವವರೊಂದಿಗೆ ಫಾರ್ಮ್ 30. ಅದೇ ರಾಜ್ಯದೊಳಗಾದರೆ ಹದಿನಾಲ್ಕು ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಬೇರೆ ರಾಜ್ಯಕ್ಕೆ ಹೋಗುವುದಾದರೆ ಫಾರ್ಮ್ 28ರ ನಿರಾಕ್ಷೇಪಣಾ ಪತ್ರವೂ ಬೇಕು. ನಮ್ಮಲ್ಲಿ ಎಷ್ಟೋ ಜನ ಕೆಎ ನಂಬರಿನ ಗಾಡಿಯನ್ನು ಪುಣೆಯಲ್ಲಿ ವರ್ಷಗಟ್ಟಲೆ ಓಡಿಸುತ್ತೇವೆ. ಹನ್ನೆರಡು ತಿಂಗಳು ದಾಟಿದರೆ ಇಲ್ಲಿ ಮರುನೋಂದಣಿ ಮಾಡಿಸಬೇಕೆಂಬುದು ಕಾಯ್ದೆ.

"ದುಡ್ಡು ಬಂತಲ್ಲ, ಹೆಸರು ಅವರೇ ಬದಲಾಯಿಸಿಕೊಳ್ಳಲಿ" ಅಂತ ಖಾಲಿ ಫಾರ್ಮಿಗೆ ಸಹಿ ಹಾಕಿ ಕೊಡಬೇಡಿ. 2018ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಗಾಡಿ ಎಷ್ಟು ಕೈ ಬದಲಾಗಿದ್ದರೂ ನೋಂದಣಿಯಲ್ಲಿ ಯಾರ ಹೆಸರಿದೆಯೋ, ಅಪಘಾತದ ಪರಿಹಾರಕ್ಕೆ ಅವರೇ ಮಾಲೀಕರು. ಯಾರೋ ಎಲ್ಲೋ ಗುದ್ದಿದ ನೋಟೀಸು ನಿಮ್ಮ ಮನೆಗೆ ಬರುತ್ತದೆ.

ಇನ್ನು ಮಾರಾಟ. ಜಾಹೀರಾತು ಹಾಕಿದ ದಿನವೇ ಹನ್ನೊಂದು ಫೋನ್. ಅದರಲ್ಲಿ ಏಳು ಜನ ಕೇಳಿದ ಮೊದಲ ಪ್ರಶ್ನೆ, "ಮನೆಯಲ್ಲಿ ಗಂಡಸರು ಇದ್ದಾರಾ, ಫೋನ್ ಕೊಡಿ." ನಾನೇ ಮಾಲೀಕಳು ಅಂದರೆ, "ಅಲ್ಲ, ಓಡಿಸ್ತಿದ್ದವರು ಯಾರು?" ತಮಾಷೆ ಅಂದರೆ, ಹಳೇ ಗಾಡಿ ಮಾರುವ ಒಬ್ಬ ದಲ್ಲಾಳಿ ನನಗೆ ಕೊಟ್ಟ ಸಲಹೆ ಇದಕ್ಕೆ ತದ್ವಿರುದ್ಧ: "ಲೇಡಿ ಓನರ್ ಅಂತ ದೊಡ್ಡದಾಗಿ ಹಾಕಿ ಮೇಡಂ. ಐದು ಸಾವಿರ ಜಾಸ್ತಿ ಬರುತ್ತೆ. ಹೆಂಗಸರು ನಿಧಾನ ಓಡಿಸ್ತಾರೆ, ಬೀಳಿಸೋದಿಲ್ಲ ಅಂತ ನಂಬಿಕೆ."

ಒಬ್ಬ ತಾನು ಸೈನ್ಯದಲ್ಲಿದ್ದೇನೆ, ನೋಡುವುದೇ ಬೇಡ, ಮುಂಗಡ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದ. ಹಣ ಪಡೆಯಲು ಯುಪಿಐ ಪಿನ್ ಹಾಕಬೇಕಾಗಿಲ್ಲ, ಹಣ ಕೊಡಲು ಮಾತ್ರ. ಇದು ಮನೆಯ ಹಿರಿಯರಿಗೂ ಹೇಳಿ.

ಗಂಭೀರವಾಗಿ ಬಂದವರು ಒಬ್ಬರೇ. ಶಿವಮೊಗ್ಗ ಕಡೆಯ ಉಪನ್ಯಾಸಕರು, ಐವತ್ತು ದಾಟಿದವರು. ಬೆಳಿಗ್ಗೆ ಏಳಕ್ಕೇ ಬಂದರು. ನಮಸ್ಕಾರ ಹೇಳುವ ಮೊದಲೇ ಎಂಜಿನ್ ಮೇಲೆ ಅಂಗೈ ಇಟ್ಟು ನೋಡಿದರು. ತಣ್ಣಗಿತ್ತು. ಮೊದಲೇ ಬಿಸಿ ಮಾಡಿಟ್ಟರೆ ಚಾಲೂ ಆಗುವ ತೊಂದರೆ ಮುಚ್ಚಿಹೋಗುತ್ತದಂತೆ. ಕೊಳ್ಳುವಾಗ ನೀವೂ ಹೀಗೇ ಮಾಡಿ. ಚಾಸಿಸ್ ನಂಬರನ್ನು ಆರ್‌ಸಿಯೊಂದಿಗೆ ತಾಳೆ ನೋಡಿದರು, ಸ್ಟಾರ್ಟ್ ಮಾಡಿ ಹೊಗೆ ನೋಡಿದರು, ಲೈಸೆನ್ಸ್ ನನ್ನ ಕೈಗೆ ಕೊಟ್ಟು ಒಂದು ಸುತ್ತು ಹೋಗಿ ಬಂದರು. ಬೆಲೆ 78,000ಕ್ಕೆ ಹೆಚ್ಚುಕಡಿಮೆ ಒಪ್ಪಿದರು. ಅಪ್ಪ, ಅಮ್ಮ, ತಮ್ಮ, ನನ್ನ ಮಗಳು ಎಲ್ಲರೂ ಅಂಗಳದಲ್ಲಿ ನಿಂತಿದ್ದರು. ಆಗ ಅವರು ಕೇಳಿದರು, "ಗಾಡಿ ಯಾವಾಗಲಾದರೂ ಬಿದ್ದಿತ್ತಾ?"

ಈ ಪ್ರಶ್ನೆ ಬರುತ್ತದೆ ಎಂದು ಮೆಕಾನಿಕ್ ಅಣ್ಣ ಮೊದಲೇ ಹೇಳಿದ್ದರು. "ಇಲ್ಲ ಅನ್ನಿ. ಕೊಳವೆ ಹೊಸದು, ಫ್ರೇಮ್ ನೆಟ್ಟಗಿದೆ, ಈಗ ಯಾರಿಗೂ ಕಾಣೋದಿಲ್ಲ. ಸುಮ್ಮನೆ ಹತ್ತು ಸಾವಿರ ಯಾಕೆ ಕಳ್ಕೋತೀರಿ" ಎಂದು. ಅವರು ಹೇಳಿದ್ದು ಸುಳ್ಳಲ್ಲ. ಗಾಡಿ ನಿಜವಾಗಿ ಸರಿಯಿತ್ತು.

ಆದರೆ ಮನೆಯವರಿಗೆ 2015ರಲ್ಲೇ ನಾನು ಬೇರೆ ಕಥೆ ಹೇಳಿದ್ದೆ. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಯಾರೋ ಕಾರು ತಾಗಿಸಿ ಬೀಳಿಸಿದರು ಎಂದು. ಒಂಬತ್ತು ವರ್ಷ ಅದೇ ಕಥೆ. ಈಗಲೂ "ಹೂಂ, ಪಾರ್ಕಿಂಗ್‌ನಲ್ಲಿ ಒಂದು ಸಲ" ಎಂದಿದ್ದರೆ ಮುಗಿಯುತ್ತಿತ್ತು. ಬಾಯಿಗೂ ಬಂತು. ಪಕ್ಕದಲ್ಲಿ ಮಗಳು ಬೈಕಿನ ಕನ್ನಡಿ ಒರೆಸುತ್ತಿದ್ದಳು. ಎಂಟು ವಾರ ಅವಳು ನನ್ನ ಜೊತೆ ಒಂದೊಂದು ನಟ್ಟನ್ನೂ ತೊಳೆದು ಡಬ್ಬಿಗೆ ಹಾಕಿದ್ದಳು.

"ಬಿದ್ದಿದೆ" ಅಂದೆ. "ಚಾರ್ಮಾಡಿ ಘಾಟಿಯಲ್ಲಿ, 2015ರ ಸೆಪ್ಟೆಂಬರಿನಲ್ಲಿ. ನಾನೇ ಬೀಳಿಸಿದ್ದು."

ಅಂದು ನಾವಿಬ್ಬರೂ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟಾಗ ಮಳೆ ಹಿಡಿದಿತ್ತು. ಅವಳು "ಒಂದರ್ಧ ಗಂಟೆ ನಿಲ್ಲೋಣ ಕಣೇ" ಅಂದಳು. ಕತ್ತಲಾಗುತ್ತದೆ, ಹೊರಡೋಣ ಅಂದವಳು ನಾನು. ಹಿಂದಿನ ಟೈರ್ ಸವೆದು ಬೋಳಾಗಿತ್ತು. ಅದು ನನಗೆ ಗೊತ್ತಿತ್ತು. ಮುಂದಿನ ಸಂಬಳ ಬಂದ ಮೇಲೆ ಹಾಕಿಸೋಣ ಎಂದು ಎರಡು ತಿಂಗಳು ತಳ್ಳಿದ್ದೆ. ಒಂದು ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು. ವೇಗ ಹೆಚ್ಚಿರಲಿಲ್ಲ. ನನಗೆ ಮೊಣಕಾಲು ತರಚಿತು ಅಷ್ಟೆ. ಅವಳು ಬಲಗೈ ಊರಿ ಬಿದ್ದಳು. ಹೆಲ್ಮೆಟ್ ಇತ್ತು, ಗ್ಲೌಸ್ ಇರಲಿಲ್ಲ. ಗ್ಲೌಸ್ ಇದ್ದದ್ದು ಒಂದೇ ಜೊತೆ, ಅದು ನನ್ನ ಕೈಯಲ್ಲಿತ್ತು. ಮಣಿಕಟ್ಟಿನ ಮೂಳೆ ಮುರಿದು ಪ್ಲೇಟ್ ಹಾಕಬೇಕಾಯಿತು. ಅವಳ ತಾಯಿ ಬಂದು ಕಾರ್ಕಳಕ್ಕೆ ಕರೆದುಕೊಂಡು ಹೋದರು. ನಾನು ಬೆಂಗಳೂರಿಗೆ ಬಂದು ಮರುವಾರವೇ ಹೊಸ ಟೈರ್ ಹಾಕಿಸಿದೆ. 3815.

ಆಮೇಲೆ ಎರಡು ಮೂರು ಸಲ ಫೋನ್ ಮಾಡಿದೆ. ಅವಳ ಧ್ವನಿ ಕೇಳಿದರೆ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಮಾಡುವುದನ್ನು ಬಿಟ್ಟೆ. ಅವಳು ಮಾಡಿದಾಗ ಎತ್ತುವುದನ್ನೂ ಬಿಟ್ಟೆ. ಅವಳ ಮದುವೆಯ ಕರೆಯೋಲೆ ಬಂತು, ಉತ್ತರಿಸಲಿಲ್ಲ. ನಾನು ಬೈಕ್ ಬಿಟ್ಟದ್ದು ಮದುವೆಯಿಂದಲ್ಲ, ಇದರಿಂದ.

ಇಷ್ಟನ್ನೂ ಅಂಗಳದಲ್ಲಿ ಹೇಳಲಿಲ್ಲ. ಎಲ್ಲಿ, ಯಾವಾಗ, ಯಾರ ಕೈ ಮುರಿಯಿತು, ಏನು ರಿಪೇರಿ ಆಯಿತು, ಅಷ್ಟು ಹೇಳಿದೆ. ಬಾಗಿದ ಹಳೇ ಕೊಳವೆಯನ್ನೂ ತಂದು ತೋರಿಸಿದೆ. ಉಪನ್ಯಾಸಕರು ಅದನ್ನು ಕೈಯಲ್ಲಿ ಹಿಡಿದು ನೋಡಿ, "ಯೋಚನೆ ಮಾಡಿ ಫೋನ್ ಮಾಡುತ್ತೇನೆ" ಎಂದು ಹೊರಟರು. ತಮ್ಮ ತಲೆ ಮೇಲೆ ಕೈ ಇಟ್ಟುಕೊಂಡ. ಅಮ್ಮ ಏನೂ ಮಾತಾಡದೆ ಒಳಗೆ ಹೋದರು.

ಅಪ್ಪ ಜಗುಲಿಯ ಮೇಲೆ ಕೂತಿದ್ದರು. ಬಹಳ ಹೊತ್ತಿನ ಮೇಲೆ ಒಂದೇ ಮಾತು ಕೇಳಿದರು, "ಆ ಹುಡುಗಿ ಕೈ ಈಗ ಹೇಗಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಗಾಡಿಯ ಪ್ರತಿ ನಟ್ಟಿನ ಸ್ಥಿತಿ ನನಗೆ ಗೊತ್ತಿತ್ತು. ಎಕ್ಸೆಲ್ ಶೀಟಿನಲ್ಲಿ ಬರೆದಿಟ್ಟಿದ್ದೆ. ಅವಳ ಕೈ ಹೇಗಿದೆ ಗೊತ್ತಿರಲಿಲ್ಲ.

ಅಂದು ರಾತ್ರಿ ಹಳೆಯ ನಂಬರಿಗೆ ಮೆಸೇಜು ಹಾಕಿದೆ. ಅದೇ ನಂಬರು ಇತ್ತು. ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಅವಳೇ ಫೋನ್ ಮಾಡಿದಳು. ಕೈ ಪರವಾಗಿಲ್ಲ, ಚಳಿಗಾಲದಲ್ಲಿ ನೋಯುತ್ತದೆ, ಚಪಾತಿ ಹಿಟ್ಟು ನಾದಲು ಆಗುವುದಿಲ್ಲ, ಅದನ್ನು ಗಂಡ ಮಾಡುತ್ತಾನೆ ಅಂದಳು. ನಾನು ಟೈರಿನ ವಿಷಯ ಹೇಳಿದೆ. "ಗೊತ್ತಿತ್ತು ಮಾರಾಯ್ತಿ, ನಾನೂ ನೋಡಿದ್ದೆ, ಹತ್ತಿದ್ದು ನಾನೇ ಅಲ್ವಾ" ಅಂದಳು. ನಾನು ಅಳಲು ಶುರು ಮಾಡಿದೆ. ಆಗ ಅವಳ ಧ್ವನಿ ಬದಲಾಯಿತು. "ಬಿದ್ದದ್ದಕ್ಕೆ ನನಗೆ ಸಿಟ್ಟಿಲ್ಲ. ಎರಡು ವರ್ಷ ನಿನ್ನ ಫೋನಿಗೆ ಕಾದೆ. ಆಮೇಲೆ ಬಿಟ್ಟೆ. ಅದಕ್ಕೆ ಈಗಲೂ ಸಿಟ್ಟಿದೆ" ಅಂದಳು. ಸಮಾಧಾನ ಹೇಳಲು ನನಗೆ ಹಕ್ಕಿರಲಿಲ್ಲ. ಕೇಳಿಸಿಕೊಂಡೆ. ಈಗ ಕೆಲವು ಭಾನುವಾರ ಮಾತಾಡುತ್ತೇವೆ. ಹಳೆಯ ಹಾಗೆ ಆಗಿದೆ ಅಂತ ಹೇಳಲಾರೆ. ಮಾತಾಡುತ್ತೇವೆ.

ಉಪನ್ಯಾಸಕರು ವಾರದ ನಂತರ ಮತ್ತೆ ಬಂದರು. ಜೊತೆಗೆ ತಮ್ಮ ಮೆಕಾನಿಕ್. ಅವನು ಫ್ರೇಮ್ ಎಲ್ಲ ಅಳೆದು ಸರಿಯಿದೆ ಅಂದ. ಎಪ್ಪತ್ತು ಸಾವಿರ ಕೊಡುತ್ತೇನೆ ಅಂದರು. ಎಂಟು ಸಾವಿರ ಕಡಿಮೆ. ಒಪ್ಪಿದೆ. ಹಣ ಖಾತೆಗೆ ಬಂದ ಮೇಲೆ, ದಿನಾಂಕ ಮತ್ತು ಸಮಯ ಬರೆದ ರಸೀದಿಗೆ ಇಬ್ಬರೂ ಸಹಿ ಹಾಕಿ, ವರ್ಗಾವಣೆಯ ಅರ್ಜಿಯನ್ನು ಜೊತೆಯಲ್ಲೇ ಸಲ್ಲಿಸಿ, ಆಮೇಲೆ ಕೀ ಕೊಟ್ಟೆ. ನೀವೂ ಇದೇ ಕ್ರಮ ಅನುಸರಿಸಿ. ನಾನು ಕೇಳಿಕೊಂಡದ್ದು ಒಂದೇ. ಹಿಂದೆ ಕೂರುವವರಿಗೂ ಒಂದು ಜೊತೆ ಗ್ಲೌಸ್ ಕೊಡಿಸಿ ಎಂದು. ನಕ್ಕು, ಆಗಲಿ ಅಂದರು.

ಲೆಕ್ಕ ಹಾಕಿದರೆ 70,000ದಲ್ಲಿ ಖರ್ಚು 41,100 ಕಳೆದು 28,900 ಉಳಿಯಿತು. ಗುಜರಿಗೆ ಹಾಕಿದ್ದರೂ 20,000 ಬರುತ್ತಿತ್ತು. ಅಂದರೆ ಎಂಟು ವಾರದ ದುಡಿಮೆಗೆ 8,900 ರೂಪಾಯಿ. ನಮ್ಮ ಐಟಿ ಅಪ್ರೈಸಲ್‌ಗೆ ಹೋಲಿಸಿದರೆ ಕೆಟ್ಟದೇನಲ್ಲ!

ಪುಣೆಗೆ ಬಂದ ಮೇಲೆ ಗಂಡನಿಗೆ ಎಲ್ಲ ಹೇಳಿದೆ. "ಎಂಟು ವರ್ಷ ನಾನು ನಿನ್ನ ಬೈಕ್ ಬಿಡಿಸಿದವನು ಅಂತ ನಿಮ್ಮ ಊರವರ ಹತ್ತಿರ ಬೈಸಿಕೊಂಡೆನಲ್ಲ" ಅಂದರು. ಅದಕ್ಕೂ ಕ್ಷಮೆ ಕೇಳಿದ್ದಾಯಿತು. ಹೊಸ ಬೈಕ್ ತೆಗೆದುಕೊಳ್ಳುತ್ತೀಯಾ ಎಂದು ಎಲ್ಲರೂ ಕೇಳುತ್ತಾರೆ. ಇನ್ನೂ ತೀರ್ಮಾನಿಸಿಲ್ಲ. ಸದ್ಯ ಸ್ಕೂಟಿಯಲ್ಲಿ ಮಗಳನ್ನು ಶಾಲೆಗೆ ಬಿಡುತ್ತೇನೆ. ಅವಳಿಗೂ ಗ್ಲೌಸ್ ಇದೆ, ಟೈರಿನ ನಂಬರ್ ಓದಲು ಅವಳಿಗೇ ಕಲಿಸಿದ್ದೇನೆ.

ಕಾಗದ ಪತ್ರಗಳ ಪಟ್ಟಿಯನ್ನು ನಮ್ಮ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಮನೆಗೆ ಹೋದ ತಕ್ಷಣ ಎರಡು ಕೆಲಸ ಮಾಡಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದೆಯಾ ನೋಡಿ. ಟೈರಿನ ನಾಲ್ಕು ಅಂಕಿ ಓದಿ. ಯಾರಿಗಾದರೂ ಫೋನ್ ಮಾಡುವುದು ಬಾಕಿಯಿದ್ದರೆ ಅದು ನಿಮಗೇ ಬಿಟ್ಟದ್ದು.

 ಪ್ರಶ್ನೆಗಳಿದ್ದರೆ ಚಹಾ ಕುಡಿಯುತ್ತಾ ಮಾತಾಡೋಣ.